ಆಂಜಿನಯ್ಯನ ಮಾರ್ಜಿನ್ ಚೀಟಿ

ಚಾಮರಾಜಪೇಟೆಯಲ್ಲಿ ಒಬ್ಬ ಮನುಷ್ಯ ಮರ್ಯಾದಸ್ಥನೋ ಅಲ್ಲವೋ ಎಂದು ತಿಳಿಯಲು ಅವನ ಜಾತಕ, ಸಂಬಳ, ಮಾವನ ಮನೆ ಯಾವುದನ್ನೂ ವಿಚಾರಿಸಬೇಕಾಗಿರಲಿಲ್ಲ. ಪದ್ಮನಾಭ ಶೆಟ್ಟರ ದಿನಸಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕಿತ್ತು. ಮರ್ಯಾದಸ್ಥರು ಬೇಳೆ, ಬೆಲ್ಲ, ಎಣ್ಣೆ ಕಟ್ಟಿಸಿಕೊಂಡು "ಬರ್ಕೊಳ್ಳಿ ಶೆಟ್ರೇ" ಎಂದು ಹೇಳಿ ಹೊರಟುಬಿಡುತ್ತಿದ್ದರು. ಬೀದಿಗೆ ಹೊಸಬರು, ಮನೆ ಖಾಲಿ ಮಾಡುವ ಲಕ್ಷಣ ತೋರಿಸಿದವರು, ಹಿಂದೆ ಒಮ್ಮೆ ಕೈಕೊಟ್ಟವರು ಮಾತ್ರ ನೋಟು ಹಿಡಿದುಕೊಂಡು ನಿಲ್ಲಬೇಕಿತ್ತು. ಅಂಥವರನ್ನು ಕಂಡರೆ ಶೆಟ್ಟರು ತಕ್ಕಡಿ ಮುಟ್ಟುವ ಮೊದಲೇ "ಕ್ಯಾಶಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ಎಷ್ಟು ಅವಮಾನವಿತ್ತೆಂದರೆ, ನಮ್ಮ ವಠಾರದ ಆಂಜಿನಯ್ಯನಂಥ ಸಾಧು ಮನುಷ್ಯ ಕೂಡ ಬೇರೆಯವರನ್ನು ಹಾಗೆ ಕೇಳಿದ್ದು ಕಿವಿಗೆ ಬಿದ್ದರೆ ತಾನೇ ತಲೆ ತಗ್ಗಿಸುತ್ತಿದ್ದ. ಮುಂದೆ ನಡೆದ ಸಕಲ ಅನಾಹುತಕ್ಕೂ ಇದೇ ಮೂಲ.

ಆಂಜಿನಯ್ಯ ತೂಕ ಮತ್ತು ಅಳತೆ ಇಲಾಖೆಯಲ್ಲಿ ಗುಮಾಸ್ತ. ಅಂಗಡಿಯವರ ಬಟ್ಟುಗಳಿಗೆ ಮುದ್ರೆ ಬಿದ್ದಿದೆಯೇ, ತಕ್ಕಡಿಯ ಮುಳ್ಳು ನೆಟ್ಟಗಿದೆಯೇ ಎಂದು ನೋಡುವ ಇಲಾಖೆ ಅದು. ನಾನು ಅವನ ಎದುರು ಬಾಗಿಲಿನ ಬಾಡಿಗೆದಾರ ವೆಂಕಟಪ್ಪ. ಪ್ರೆಸ್ಸೊಂದರಲ್ಲಿ ಕರಡು ತಿದ್ದುವವನು. ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಆಂಜಿನಯ್ಯನಲ್ಲಿ ಸಾಲಿಗೊಂದು ತಪ್ಪು ಸಿಗುತ್ತಿತ್ತು. ಆದರೂ ಇಷ್ಟು ವರ್ಷ ನೋಡಿದ ಮೇಲೆ ನನಗನ್ನಿಸುವುದು ಇಷ್ಟೇ: ಅವನನ್ನು ತಿದ್ದಲು ಹೋಗಬಾರದು, ಹಾಗೆಯೇ ಅಚ್ಚಿಗೆ ಕಳಿಸಿಬಿಡಬೇಕು.

ಅವನ ಹೆಂಡತಿ ರುದ್ರಾಣಿ ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಸುತ್ತಮುತ್ತಲಿನ ಮನೆಗಳಿಗೆ ಮಾರುತ್ತಿದ್ದಳು. ಆ ಹಿಟ್ಟಿನ ದೋಸೆ ತಿಂದವರು ಹೋಟೆಲಿಗೆ ಹೋಗುವುದನ್ನೇ ಬಿಟ್ಟಿದ್ದರು. ಆದರೆ ಒರಳುಕಲ್ಲು ತಿರುಗಿಸಿ ತಿರುಗಿಸಿ ಅವಳ ಬಲಭುಜ ಹಾಳಾಗಿತ್ತು. ತಲೆ ಬಾಚಿಕೊಳ್ಳಲೂ ಕೈ ಏಳುತ್ತಿರಲಿಲ್ಲ. ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಅವಳು ಕರೆಂಟಿನ ಗ್ರೈಂಡರ್ ನೋಡಿಟ್ಟುಕೊಂಡು ಬಂದಿದ್ದಳು. ಹಿಟ್ಟು ಮಾರಿದ ದುಡ್ಡನ್ನು ಹಾಲಿನ ಪುಡಿಯ ಡಬ್ಬದಲ್ಲಿ ಕೂಡಿಡುತ್ತಿದ್ದಳು. ಡಬ್ಬ ಹೆಚ್ಚುಕಡಿಮೆ ತುಂಬಿದ ಹೊತ್ತಿಗೆ ಎಂಬತ್ತೈದನೇ ಇಸವಿ ಬಂತು, ಬೆಂಗಳೂರಿಗೆ ಷೇರಿನ ಹುಚ್ಚು ಹಿಡಿಯಿತು.

ಎಂಥ ಹುಚ್ಚೆಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಬಸವನಗುಡಿಯಲ್ಲಿ ಕಡಲೆಕಾಯಿ ಕೊಂಡು ಪೊಟ್ಟಣ ಬಿಚ್ಚಿದರೆ ಅದೂ ಷೇರಿನ ಅರ್ಜಿಯೇ. ಆಂಜಿನಯ್ಯನ ಆಫೀಸಿನಲ್ಲಿ ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರೂ ಏನೋ ಒಂದನ್ನು ಕೊಂಡಿದ್ದರು. ಕೊಳ್ಳದ ಆಂಜಿನಯ್ಯನನ್ನು ಕಾಫಿಗೆ ಕರೆಯುವುದನ್ನೂ ನಿಲ್ಲಿಸಿದ್ದರು. ಒಂದು ಸಂಜೆ ಅವನು ಡಬ್ಬದ ಮೇಲೆ ಕೈಯಿಟ್ಟು ಹೆಂಡತಿಗೆ ಹೇಳಿದ.

"ರುದ್ರಾಣಿ, ಈ ದುಡ್ಡು ಸುಮ್ನೆ ಕೂತಿದೆ. ಹೇಮಗಿರಿ ಪಂಪ್ಸ್ ಅಂತ ಒಂದು ಕಂಪ್ನಿ. ಅದ್ರಲ್ಲಿ ಹಾಕಿದ್ರೆ ಗ್ರೈಂಡರ್ ಜೊತೆಗೆ ಮಿಕ್ಸೀನೂ ಬರುತ್ತೆ."

"ಮಿಕ್ಸಿ ಬ್ಯಾಡ. ದೀಪಾವಳಿ ಹೊತ್ಗೆ ಗ್ರೈಂಡರ್ ಈ ಮೂಲೇಲಿ ಇರ್ಬೇಕು. ಇಲ್ದಿದ್ರೆ ಒರಳು ನೀವೇ ತಿರುಗ್ಸಿ" ಎಂದಳು ರುದ್ರಾಣಿ.

"ಆಯ್ತು" ಎಂದ ಆಂಜಿನಯ್ಯ. ಅವನಿಗೆ ಮಾತು ಕೊಡುವುದು ಬಹಳ ಸುಲಭ, ಏಕೆಂದರೆ ತಪ್ಪಿಸುವ ಯೋಚನೆಯೇ ಅವನಿಗೆ ಬರುತ್ತಿರಲಿಲ್ಲ.

ಮರುದಿನ ನನ್ನನ್ನೂ ಕರೆದುಕೊಂಡು ಕಾಟನ್‌ಪೇಟೆಗೆ ಹೋದ. ಹಾಸಿಗೆ ಅಂಗಡಿಯೊಂದರ ಮಹಡಿಯ ಮೇಲೆ ಷೇರು ದಲ್ಲಾಳಿ ದೊಡ್ಡಬೈರಪ್ಪನವರ ಆಫೀಸು. ಕೆಳಗಡೆ ಹತ್ತಿ ಹಿಂಜುತ್ತಿದ್ದುದರಿಂದ ಮೇಲೆ ಕೂತವರೆಲ್ಲ ಸೀನುತ್ತಿದ್ದರು. ದೊಡ್ಡಬೈರಪ್ಪನವರು ದೇವನಹಳ್ಳಿ ಕಡೆಯವರು; ದ್ರಾಕ್ಷಿ ತೋಟ ಬಿಟ್ಟು ಈ ವ್ಯಾಪಾರಕ್ಕೆ ಬಂದವರು. ಗಿರಿಜಾ ಮೀಸೆ, ಬಿಳಿ ಪಂಚೆ, ಮುಂದೆ ಎರಡು ಫೋನು.

"ಏನ್ ಬೇಕು ಸ್ವಾಮಿ?"

"ಹೇಮಗಿರಿ ಪಂಪ್ಸು. ಒಂದು ನೂರು."

"ಕ್ಯಾಶಾ, ಮಾರ್ಜಿನ್ನಾ?"

ಆಂಜಿನಯ್ಯನ ಕಿವಿ ಕೆಂಪಾದವು. ಪಕ್ಕದಲ್ಲಿ ಕೂತಿದ್ದ ಸಫಾರಿ ಸೂಟಿನವನೊಬ್ಬ ತಲೆಯೆತ್ತಿ ನೋಡಿದ. ಶೆಟ್ಟರ ಅಂಗಡಿಯಲ್ಲಿ ಇಷ್ಟು ವರ್ಷ ಉಳಿಸಿಕೊಂಡು ಬಂದಿದ್ದ ಮಾನ ಕಾಟನ್‌ಪೇಟೆಯ ಮಹಡಿಯ ಮೇಲೆ ಹೋಗುವುದರಲ್ಲಿತ್ತು.

"ಏನ್ ಸ್ವಾಮಿ ಹಾಗ್ ಕೇಳ್ತೀರಾ?" ಎಂದ ಆಂಜಿನಯ್ಯ. "ನಾವು ಗೌರ್ಮೆಂಟ್ ಸರ್ವೀಸಲ್ಲಿರೋರು. ಕ್ಯಾಶ್ ಕೊಟ್ಟು ತಗೊಂಡು ಹೋಗೋರ ಥರ ಕಾಣ್ತೀವಾ?"

"ಹಂಗಾದ್ರೆ ಮಾರ್ಜಿನ್ನು."

"ಮಾರ್ಜಿನ್ನೇ!" ಎಂದು ಆಂಜಿನಯ್ಯ ಕೆಳಗಿನ ಹಾಸಿಗೆ ಅಂಗಡಿಗೂ ಕೇಳುವಂತೆ ಹೇಳಿದ.

ದೊಡ್ಡಬೈರಪ್ಪನವರು ಹೊಸ ಗಿರಾಕಿಗೆ ಹೇಳಬೇಕಾದುದನ್ನು ಹೇಳಿದರು. "ಕ್ಯಾಶು ಅಂದ್ರೆ ಪೂರ್ತಿ ದುಡ್ಡು ಕೊಡ್ತೀರಾ, ಷೇರಿನ ಪತ್ರ ಮನೆಗೆ ತಗೊಂಡು ಹೋಗ್ತೀರಾ, ಅಲ್ಲಿಗೆ ನಮ್ಮ ನಿಮ್ಮ ಲೆಕ್ಕ ಮುಗೀತು. ಮಾರ್ಜಿನ್ನು ಅಂದ್ರೆ ನೀವು ಈಗ ಕಾಲುಭಾಗ ಕಟ್ಟಿ. ಮಿಕ್ಕಿದ್ದು ನಾನು ಹಾಕ್ತೀನಿ, ಅದಕ್ಕೆ ಬಡ್ಡಿ. ಪತ್ರ ನನ್ನತ್ರಾನೇ ಇರುತ್ತೆ. ಬೆಲೆ ಇಳೀತು ಅನ್ನಿ, ನಾನು ಫೋನ್ ಮಾಡ್ತೀನಿ, ನೀವು ತಂದು ತುಂಬ್ಬೇಕು. ತುಂಬ್ಲಿಲ್ವಾ, ನಿಮ್ಮನ್ನ ಕೇಳ್ದೆ ಮಾರ್ಬಿಟ್ಟು ನನ್ ದುಡ್ಡು ನಾನು ಹಿಡ್ಕೋತೀನಿ. ಆಮೇಲೆ ಬಂದು ಅತ್ಕೋಬಾರ್ದು."

ಆಂಜಿನಯ್ಯ ಗಂಭೀರವಾಗಿ ತಲೆಯಾಡಿಸುತ್ತಾ, ಚೀಲದಿಂದ ಡಬ್ಬ ತೆಗೆದು ಕಾಲುಭಾಗ ಎಣಿಸಿಟ್ಟ. ಡಬ್ಬದ ಒಳಗೆ ಇಣುಕಿದ ದೊಡ್ಡಬೈರಪ್ಪನವರು ಹುಬ್ಬೇರಿಸಿದರು.

"ಇಷ್ಟ್ ದುಡ್ಡಿದ್ಯಲ್ಲ ಸ್ವಾಮಿ! ಅಷ್ಟನ್ನೂ ಮಾರ್ಜಿನ್ನಿಗೆ ಹಾಕಿದ್ರೆ ನಾನೂರು ಷೇರು ಬರುತ್ತೆ."

"ಬರುತ್ತೆ ಸ್ವಾಮಿ. ಆದ್ರೆ ಮಿಕ್ಕಿದ್ದು ಕಟ್ಟೋದೆಲ್ಲಿಂದ? ಕೈಲಾಗೋಷ್ಟೇ ಹಾಕ್ಬೇಕು" ಎಂದು ಆಂಜಿನಯ್ಯ ಡಬ್ಬ ಮುಚ್ಚಿದ. ಸಫಾರಿ ಸೂಟಿನವನು ಅಯ್ಯೋ ಪಾಪ ಎನ್ನುವಂತೆ ನಕ್ಕ. ಆ ಮಹಡಿಯ ಮೇಲೆ ಆ ದಿನ ಆಡಿದ ಮಾತುಗಳಲ್ಲೆಲ್ಲ ಬುದ್ಧಿವಂತಿಕೆಯ ಮಾತು ಅದೊಂದೇ ಎಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ, ನನಗೂ.

ಮೆಟ್ಟಿಲಿಳಿದ ಮೇಲೆ ಆಂಜಿನಯ್ಯ ನನ್ನ ಭುಜ ಹಿಡಿದುಕೊಂಡ.

"ವೆಂಕಟಪ್ಪ, ಇದೇನು ಹೊಸದು ಅನ್ಕೊಂಡಿದ್ದೆ ಕಣೋ. ಇದು ನಮ್ಮವ್ವ ನಡೆಸ್ತಿದ್ದ ಚೀಟಿ! ಮೊದ್ಲು ಒಂದಿಷ್ಟು ಕಟ್ಟೋದು, ಆಮೇಲೆ ಕರೆದಾಗೆಲ್ಲ ಕಂತು ಕಟ್ಟೋದು, ಮಧ್ಯದಲ್ಲಿ ಒಬ್ರು ಯಜಮಾನ್ರು. ಕಟ್ದೇ ಇದ್ರೆ ಚೀಟಿ ಹೋಯ್ತು. ಕಾಟನ್‌ಪೇಟೆಯೋರು ಇಂಗ್ಲಿಷ್ ಹೆಸರಿಟ್ಟವ್ರೆ ಅಷ್ಟೇ."

ಅವನ ತಾಯಿ ಪಿಳ್ಳಮ್ಮ ಇಡೀ ಬೀದಿಗೆ ಚೀಟಿ ನಡೆಸಿದ್ದ ಹೆಂಗಸು. ತಿಂಗಳು ತಿಂಗಳು ಎಲ್ಲರೂ ಕಂತು ಕಟ್ಟಬೇಕು. ಅವಸರ ಇರುವವರು ಇಷ್ಟು ಬಿಟ್ಟುಕೊಡುತ್ತೇನೆಂದು ಹರಾಜಿನಲ್ಲಿ ಕೂಗಿ ಮಿಕ್ಕ ಮೊತ್ತವನ್ನು ಎತ್ತಿಕೊಳ್ಳಬೇಕು. ಕಂತಿನ ದಿನ ಯಜಮಾನಿ ಬಂದು ಬಾಗಿಲು ತಟ್ಟುವಂತೆ ಮಾಡುವುದು ಪಿಳ್ಳಮ್ಮನ ದೃಷ್ಟಿಯಲ್ಲಿ ಕಳ್ಳತನಕ್ಕಿಂತ ಒಂದು ಗುಂಜಿ ಹೆಚ್ಚಿನ ಅಪರಾಧ. ಮಗ ಬೇರೆ ಯಾವ ಪಾಠ ಕಲಿಯದಿದ್ದರೂ ಇದನ್ನು ಕಲಿತಿದ್ದ.

ಆಷಾಢದಲ್ಲಿ ಹೇಮಗಿರಿ ಪಂಪ್ಸಿನ ಬೆಲೆ ಇಳಿಯಿತು. ನಮ್ಮ ಬೀದಿಗೆಲ್ಲ ಇದ್ದುದು ಒಂದೇ ಫೋನು, ಎದುರು ಮೆಡಿಕಲ್ ಶಾಪಿನಲ್ಲಿ. ಅದರ ಮಾಲೀಕ ಮಹಾನಂದ ಫೋನ್ ಬಂದರೆ ಎದ್ದು ಬರುವವನಲ್ಲ, ಕೂತಲ್ಲಿಂದಲೇ ಕೂಗುವವನು.

"ಆಂಜಿನಯ್ನೋರೇ! ಕಾಟನ್‌ಪೇಟೆಯಿಂದ ಫೋನು! ಮಾರ್ಜಿನ್ ಕಟ್ಬೇಕಂತೆ!"

ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ವಠಾರದ ಒಡತಿ ಮುನಿಲಕ್ಷ್ಮಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. "ಏನಪ್ಪ ಅದು ಮಾರ್ಜಿನ್ನು? ಖಾಯಿಲೇನಾ?"

"ಖಾಯಿಲೆ ಅಲ್ಲ ಅಮ್ಮ, ಕಂತು. ನಂಬಿಕೆ ಇರೋರನ್ನ ಮಾತ್ರ ಕೇಳೋದು" ಎಂದು ಆಂಜಿನಯ್ಯ ಹಿಗ್ಗಿ ಹೀರೇಕಾಯಿಯಾದ.

ಅವನು ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಒಂದು ತಟ್ಟೆಯಲ್ಲಿ ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ ಇಟ್ಟು, ಮೇಲೆ ಡಬ್ಬದಿಂದ ತೆಗೆದ ದುಡ್ಡಿಟ್ಟ. ಪಿಳ್ಳಮ್ಮನ ಚೀಟಿಯಲ್ಲಿ ಮೊದಲ ಕಂತನ್ನು ಹಾಗೆಯೇ ಕೊಡುವ ಪದ್ಧತಿ. ನಾವು ಹೋದಾಗ ದೊಡ್ಡಬೈರಪ್ಪನವರ ಆಫೀಸು ಸಾವಿನ ಮನೆಯ ಹಾಗಿತ್ತು. ಒಬ್ಬ ಗೋಡೆಗೆ ಮುಖ ಮಾಡಿ ನಿಂತಿದ್ದ. ಸಫಾರಿ ಸೂಟಿನವನು ಕೈಮುಗಿದು "ಸೋಮವಾರ ಖಂಡಿತ" ಎನ್ನುತ್ತಿದ್ದ. ದೊಡ್ಡಬೈರಪ್ಪನವರು ಫೋನಿನಲ್ಲಿ ಗರ್ಜಿಸುತ್ತಿದ್ದರು: "ಊರಲ್ಲಿಲ್ಲ ಅಂತ ನೀವೇ ಫೋನ್ ಎತ್ತಿ ಹೇಳ್ತೀರಲ್ರೀ, ನಾಚ್ಕೆ ಆಗಲ್ವಾ!"

ಆಂಜಿನಯ್ಯ ತಟ್ಟೆಯನ್ನು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದ.

"ತಡ ಆಯ್ತು, ಬೇಜಾರ್ ಮಾಡ್ಕೋಬೇಡಿ. ಸ್ವಲ್ಪ ಜಾಸ್ತೀನೇ ಇದೆ. ಮುಂದಿನ ಕಂತಿಗೆ ಇರ್ಲಿ."

ದೊಡ್ಡಬೈರಪ್ಪನವರ ಕೈಯಿಂದ ಫೋನು ಜಾರಿತು. ಬೆಲೆ ಇಳಿದಾಗ ಬೈಯುತ್ತಾ ದುಡ್ಡು ಕಟ್ಟಿದವರನ್ನು ಅವರು ಕಂಡಿದ್ದರು, ಅಳುತ್ತಾ ಕಟ್ಟಿದವರನ್ನೂ ಕಂಡಿದ್ದರು. ತಾಂಬೂಲದ ಸಮೇತ ಕಟ್ಟಿದವನನ್ನು ಕಂಡಿರಲಿಲ್ಲ. ಅವರು ಎದ್ದು ನಿಂತು, ಚಪ್ಪಲಿ ಬಿಟ್ಟು ತಟ್ಟೆ ತೆಗೆದುಕೊಂಡರು. ಗೋಡೆಗೆ ಮುಖ ಮಾಡಿದ್ದವನು ಈ ಕಡೆ ತಿರುಗಿದ.

ಆಮೇಲೆ ಬೆಲೆ ಇನ್ನೂ ಇಳಿಯಿತು. ಮಹಾನಂದ ಕೂಗಿದಾಗಲೆಲ್ಲ ಆಂಜಿನಯ್ಯ ಹೋದ, ನಗುತ್ತಲೇ ಕಟ್ಟಿದ. "ಯಜಮಾನ್ರಿಗೆ ಆರೋಗ್ಯ ತಾನೇ?" ಎಂದು ವಿಚಾರಿಸಿಕೊಂಡು ಬಂದ. ಇದರಲ್ಲಿ ಏನೋ ಗುಟ್ಟಿದೆ ಎಂದು ಕಾಟನ್‌ಪೇಟೆಗೆ ಖಾತ್ರಿಯಾಯಿತು. ಬೀಳುತ್ತಿರುವ ಷೇರಿಗೆ ನಗುನಗುತ್ತಾ ದುಡ್ಡು ಸುರಿಯುವವನಿಗೆ ಕಂಪನಿಯ ಒಳಗಿನ ಸಮಾಚಾರ ಗೊತ್ತಿರಲೇಬೇಕು. ಆಂಜಿನಯ್ಯನ ಹೆಸರು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅವನು "ಚಾಮರಾಜಪೇಟೆ ಪಾರ್ಟಿ" ಎಂದಾದ. ಅವನ ನೂರು ಷೇರು ಬಾಯಿಂದ ಬಾಯಿಗೆ ಸಾವಿರವಾಗಿ, ಹತ್ತು ಸಾವಿರವಾಗಿ, ಕೊನೆಗೆ ಕಂಪನಿಯನ್ನೇ ಕೊಳ್ಳಲು ಹೊರಟವನಂತೆ ಎಂಬಲ್ಲಿಗೆ ಬಂದು ನಿಂತಿತು. ದೊಡ್ಡಬೈರಪ್ಪನವರು ಯಾವ ಗಿರಾಕಿಯ ವಿಷಯವನ್ನೂ ಬಾಯಿ ಬಿಡುವವರಲ್ಲ. ಕೇಳಿದರೆ ಮೀಸೆ ನೇವರಿಸುತ್ತಿದ್ದರು. ಜನ ಅದನ್ನೂ ಹೌದು ಎಂದೇ ಅರ್ಥಮಾಡಿಕೊಂಡರು.

ಮನೆಯಲ್ಲಿ ಮಾತ್ರ ಆಂಜಿನಯ್ಯನಿಗೆ ಈ ಮರ್ಯಾದೆ ಇರಲಿಲ್ಲ. ರುದ್ರಾಣಿಯ ತಮ್ಮ ನಂಜಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರು. ಬೇರೆಯವರ ದುಡ್ಡನ್ನು ದಿನವಿಡೀ ಎಣಿಸುವುದರಿಂದ ದುಡ್ಡಿನ ವಿಷಯ ತನಗೆ ಗೊತ್ತು ಎಂದು ನಂಬಿದ್ದವನು. ಒಂದು ಭಾನುವಾರ ಸ್ಕೂಟರಿನಲ್ಲಿ ಬಂದು ನಡುಮನೆಯಲ್ಲಿ ನಿಂತು ಉಪನ್ಯಾಸ ಕೊಟ್ಟ.

"ಭಾವ, ಮಾರ್ಜಿನ್ನು ಅಂದ್ರೆ ಬೆಂಕಿ ಜೊತೆ ಸರಸ! ನಮ್ಮಕ್ಕನ ಗ್ರೈಂಡರ್ ದುಡ್ಡು ಅದು!"

"ಕಂತು ಕಟ್ಟಿದೀನಲ್ಲೋ ನಂಜಪ್ಪ. ದೀಪಾವಳಿಗೆ ಮುಂಚೆ ಪೂರ್ತಿ ಕಟ್ಟಿ, ನಂದು ನಾನು ಮನೆಗೆ ತಗೊಂಡ್ ಬರ್ತೀನಿ."

ಪೂರ್ತಿ ಎಂಬ ಮಾತಿಗೆ ನಂಜಪ್ಪನ ಕಿವಿ ನೆಟ್ಟಗಾಯಿತು. ಭಾವನ ಮುಖವನ್ನು ವಿಚಿತ್ರವಾಗಿ ನೋಡಿದ. ಊಟಕ್ಕೂ ನಿಲ್ಲದೆ ಹೊರಟುಹೋದ. ಮರುದಿನ ಅವನು ಹೋಗಿದ್ದು ಎಲ್ಲಿಗೆ ಎಂಬುದು ನಮಗೆ ಗೊತ್ತಾಗಿದ್ದು ಆಮೇಲೆ.

ಅದೇ ವಾರ ಸಫಾರಿ ಸೂಟಿನವನು ನಮ್ಮ ವಠಾರವನ್ನು ಹುಡುಕಿಕೊಂಡು ಬಂದ. ಮೊದಲ ದಿನ ತನ್ನೆದುರು ಕೊಂಡ ನೂರು ಷೇರು ಬರೀ ಜನರ ಕಣ್ಣಿಗೆ ಎರಚಿದ ಮಣ್ಣು ಎಂದು ಅವನು ತೀರ್ಮಾನಿಸಿದ್ದ. ಬೆಳಗಿನ ಹೊತ್ತು. ಅವನು ಬಾಗಿಲಲ್ಲಿ ನಿಂತು ನೋಡುತ್ತಾನೆ: ಚಾಮರಾಜಪೇಟೆ ಪಾರ್ಟಿ ಪಟ್ಟೆ ಚಡ್ಡಿ, ತೂತು ಬನಿಯನ್ನು ತೊಟ್ಟು ಒರಳಿನ ಮುಂದೆ ಕಾಲು ಚಾಚಿ ಕೂತು ಉದ್ದಿನಬೇಳೆ ರುಬ್ಬುತ್ತಿದೆ. ರುದ್ರಾಣಿಯ ಭುಜ ಊದಿಕೊಂಡಿತ್ತು. ಗ್ರೈಂಡರ್ ಬರುವವರೆಗೆ ತಾತ್ಕಾಲಿಕ ವ್ಯವಸ್ಥೆ ಎಂದು ಆಂಜಿನಯ್ಯನೇ ಆ ಕೆಲಸ ವಹಿಸಿಕೊಂಡಿದ್ದ.

"ಇವ್ರೇನಾ...?" ಎಂದು ಸಫಾರಿ ಸೂಟು ಮುನಿಲಕ್ಷ್ಮಮ್ಮನನ್ನು ಪಿಸುಮಾತಿನಲ್ಲಿ ಕೇಳಿತು.

"ಹೂಂ, ಇವ್ರೇ. ಬಾಡಿಗೆ ಒಂದನೇ ತಾರೀಕು ತಂದು ಕೈಗೆ ಕೊಡ್ತಾರೆ. ಒಂದ್ಸಲ ಮಾತು ಕೊಟ್ರೆ ಮುಗೀತು, ಆ ಬ್ರಹ್ಮ ಬಂದ್ರೂ ಬದಲಾಗಲ್ಲ."

"ಸ್ವಂತ ಮನೇನೂ ಮಾಡ್ಕೊಂಡಿಲ್ವಾ?"

"ಯಾಕಪ್ಪಾ? ಇಲ್ಲೇ ನೆಮ್ದಿಯಾಗವ್ರೆ."

ಸಫಾರಿ ಸೂಟಿನವನು ಎದೆಯ ಮೇಲೆ ಕೈಯಿಟ್ಟುಕೊಂಡ. "ಎಂಥಾ ಸರಳ ಜೀವ್ನ! ಕೋಟಿ ಇರೋರೇ ಹಿಂಗೆ ಬದುಕೋದು ತಾಯಿ" ಎಂದು ಹೇಳಿ, ಒರಳಿಗೆ ದೂರದಿಂದಲೇ ಒಂದು ನಮಸ್ಕಾರ ಹಾಕಿ ಹೋದ. ಹೋಗುವಾಗ ಅರ್ಧ ಸೇರು ಹಿಟ್ಟನ್ನೂ ಕೊಂಡ. ಮಧ್ಯಾಹ್ನದ ಹೊತ್ತಿಗೆ ಹೇಮಗಿರಿ ಪಂಪ್ಸ್ ಏರತೊಡಗಿತು. ಕೈಯಲ್ಲಿಲ್ಲದ ಷೇರನ್ನು ಮಾರಿಟ್ಟು, ಅಗ್ಗವಾದ ಮೇಲೆ ಕೊಂಡರಾಯಿತು ಎಂದು ಕೂತಿದ್ದವರು ಎದ್ದು ಲೆಕ್ಕ ಹಾಕತೊಡಗಿದರು. ಪಾರ್ಟಿ ಪೂರ್ತಿ ದುಡ್ಡು ಕಟ್ಟಿ ಪತ್ರ ಕೇಳಿದರೆ ತರುವುದೆಲ್ಲಿಂದ? ಅವರೂ ಕೊಳ್ಳಲು ಓಡಿದರು. ದೀಪಾವಳಿ ಹತ್ತಿರ ಬರುವ ಹೊತ್ತಿಗೆ ಬೆಲೆ ಆಂಜಿನಯ್ಯ ಕೊಂಡಿದ್ದಕ್ಕಿಂತ ಒಂದೂವರೆ ಪಟ್ಟಾಗಿತ್ತು. ಆಂಜಿನಯ್ಯನಿಗೆ ಇದಾವುದೂ ಗೊತ್ತಿರಲಿಲ್ಲ. ಮಹಾನಂದನ ಫೋನು ಬರುವುದು ನಿಂತಿದ್ದಕ್ಕೆ ಅವನಿಗೆ ಸ್ವಲ್ಪ ಬೇಸರವೇ ಆಗಿತ್ತು.

ಹಬ್ಬದ ಹಿಂದಿನ ಶುಕ್ರವಾರ ಆಂಜಿನಯ್ಯ, ರುದ್ರಾಣಿ, ನಾನು ಮೂವರೂ ಕಾಟನ್‌ಪೇಟೆಗೆ ಹೊರಟೆವು. ರುದ್ರಾಣಿಯ ಕೈಯಲ್ಲಿ ಡಬ್ಬ. ಚೀಟಿಯ ಮೊತ್ತ ಎತ್ತಿಕೊಂಡು, ಹಾಗೇ ಚಿಕ್ಕಪೇಟೆಗೆ ಹೋಗಿ ಗ್ರೈಂಡರ್ ತರುವುದು ಎಂದು ತೀರ್ಮಾನವಾಗಿತ್ತು. ಮೆಟ್ಟಿಲ ಬುಡದಿಂದ ಮಹಡಿಯವರೆಗೆ ಜನ. ನಮ್ಮನ್ನು ಕಂಡು ದಾರಿ ಬಿಟ್ಟರು. "ಪಾರ್ಟಿ ಬಂತು, ಪಾರ್ಟಿ ಬಂತು" ಎಂಬ ಮಾತು ನಮಗಿಂತ ಮುಂಚೆ ಮೇಲಕ್ಕೆ ಹೋಯಿತು. ಒಬ್ಬರು ರುದ್ರಾಣಿಗೆ ಕುರ್ಚಿ ಕೊಟ್ಟರು. ಆ ಗುಂಪಿನ ಹಿಂದೆ, ಕಂಬದ ಮರೆಯಲ್ಲಿ, ಬ್ಯಾಂಕಿಗೆ ರಜೆ ಹಾಕಿ ಬಂದಿದ್ದ ನಂಜಪ್ಪ ನಿಂತಿದ್ದ.

"ಲೋ ನಂಜಾ, ನೀನ್ಯಾಕೋ ಇಲ್ಲಿ?" ಎಂದಳು ರುದ್ರಾಣಿ.

"ನಾನೂ ಸ್ವಲ್ಪ ತಗೊಂಡಿದೀನಿ ಅಕ್ಕ. ಭಾವ ಹೇಳಿದ್ ಮಾರನೇ ದಿನ ಒಂದಿಷ್ಟು, ಬೆಲೆ ಏರಿದ್ಮೇಲೆ ಹನುಮಂತನಗರದ ಸೈಟು ಒತ್ತೆ ಇಟ್ಟು ಇನ್ನೊಂದಿಷ್ಟು. ಮಾರ್ಜಿನ್ನಲ್ಲಿ. ಇದ್ದಿದ್ ದುಡ್ಡಿಗೆಲ್ಲ ನಾಲ್ಕು ಪಟ್ಟು" ಎಂದು ನಂಜಪ್ಪ ಹಲ್ಲು ಕಿರಿದ.

ದೊಡ್ಡಬೈರಪ್ಪನವರು ನಮ್ಮನ್ನು ಒಳಗಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಬಾದಾಮಿ ಹಾಲು ತರಿಸಿದರು. ಆಂಜಿನಯ್ಯ ಹಾಲು ಕುಡಿದು, ಬಾಯಿ ಒರೆಸಿಕೊಂಡು, ಬಂದ ಕೆಲಸಕ್ಕೆ ಕೈ ಹಾಕಿದ.

"ಯಜಮಾನ್ರೇ, ಹಬ್ಬದ ಹೊತ್ತು, ನಮಗೆ ಅವಸರ. ಹರಾಜು ಎಷ್ಟೊತ್ಗೆ? ಐನೂರು ಬಿಟ್ಟು ಕೂಗೋಕೆ ಸಿದ್ಧ ಇದೀನಿ. ಈ ಚೀಟೀಲಿ ಮಿಕ್ಕಿದ ಸದಸ್ಯರು ಹೊರಗಡೆ ನಿಂತವ್ರಲ್ಲ, ಅವ್ರೇ ತಾನೇ?"

"ಯಾವ ಚೀಟಿ?" ಎಂದರು ದೊಡ್ಡಬೈರಪ್ಪನವರು.

"ಇದೇ, ನಿಮ್ಮ ಮಾರ್ಜಿನ್ ಚೀಟಿ."

ದೊಡ್ಡಬೈರಪ್ಪನವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ರುದ್ರಾಣಿಯ ಮುಖ. ಆಮೇಲೆ ಅವರ ಮೀಸೆ ಅಲುಗತೊಡಗಿತು. ಮೇಜಿನ ಮೇಲೆ ತಲೆಯಿಟ್ಟುಕೊಂಡು ಭುಜ ಕುಲುಕಿಸುತ್ತಾ ನಕ್ಕರು. ಹೊರಗಿನವರಿಗೆ ಕೇಳದಿರಲೆಂದು ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡರು. ನಗು ತಡೆದ ಮೇಲೆ, ಮೊದಲ ದಿನ ಹೇಳಿದ್ದನ್ನೇ ಮತ್ತೆ ಒಂದೊಂದಾಗಿ ಬಿಡಿಸಿ ಹೇಳಿದರು. ಚೀಟಿಯೂ ಇಲ್ಲ, ಹರಾಜೂ ಇಲ್ಲ. ಅವರು ಸಾಲ ಕೊಟ್ಟಿದ್ದರು. ಬೆಲೆ ಬಿದ್ದಾಗ ಆ ಸಾಲಕ್ಕೆ ಹೆದರಿ ದುಡ್ಡು ಕೇಳಿದ್ದರು. ಆಂಜಿನಯ್ಯ ಕಟ್ಟಿದ್ದು ಕಂತಲ್ಲ, ಬೀಳುತ್ತಿದ್ದ ಗೋಡೆಗೆ ಕೊಟ್ಟ ಊರುಗೋಲು.

ಆಂಜಿನಯ್ಯನ ಮುಖ ಸಣ್ಣದಾಯಿತು. "ಹಾಗಾದ್ರೆ ಗ್ರೈಂಡರು?"

"ಅದಕ್ಕೇ ಹೇಳ್ತಿರೋದು, ಕೇಳಿ." ದೊಡ್ಡಬೈರಪ್ಪನವರು ದನಿ ತಗ್ಗಿಸಿದರು. "ನಿಮ್ಮ ಪುಣ್ಯ ದೊಡ್ದು. ಹೊರಗಡೆ ಇರೋರು ನಿಮ್ಮನ್ನ ಭಾರೀ ಕುಳ ಅನ್ಕೊಂಡು ಬೆಲೆ ಏರಿಸಿ ಕೂತವ್ರೆ. ಈಗ್ಲೇ ಹೂಂ ಅನ್ನಿ, ನಿಮ್ ನೂರನ್ನ ಅವ್ರಲ್ಲೇ ಒಬ್ಬನಿಗೆ ಮಾರ್ತೀನಿ. ಗ್ರೈಂಡರೂ ಬಂತು, ಮಿಕ್ಸೀನೂ ಬಂತು. ಆಮೇಲೆ ಯಾರಿಗ್ ಏನ್ ಗೊತ್ತಾದ್ರೆ ನಮಗೇನು?"

ಕೆಳಗಡೆ ಹತ್ತಿ ಹಿಂಜುವ ಟಂಯ್ ಟಂಯ್ ಕೇಳುತ್ತಿತ್ತು. ರುದ್ರಾಣಿ ಎಡಗೈಯಲ್ಲಿ ಬಲಭುಜವನ್ನು ಹಿಡಿದುಕೊಂಡು ಕೂತಿದ್ದಳು. ಹೂಂ ಅನ್ನು ಮಾರಾಯ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಅವ್ರು ಕೊಡೋ ಬೆಲೆ ಪಂಪಿಗಲ್ಲ, ನನಗೆ" ಎಂದ ಆಂಜಿನಯ್ಯ ನಿಧಾನವಾಗಿ. "ನಾನು ಅಷ್ಟು ತೂಗಲ್ಲವಲ್ಲ ಸ್ವಾಮಿ."

"ಅವ್ರು ತೂಗಿ ನೋಡ್ದೆ ಕೊಂಡ್ರೆ ಅವ್ರ ಕರ್ಮ!"

"ಅಂಗಡಿಯೋರು ತಕ್ಕಡೀಗೆ ಹೆಬ್ಬೆಟ್ಟು ಒತ್ತಿದ್ರೆ ದಂಡ ಬರ್ಕೊಳ್ಳೋ ಇಲಾಖೆ ನಮ್ದು. ಇಲ್ಲಿ ನಾನೇ ಇಡೀ ತಕ್ಕಡೀಲಿ ಕೂತಿದೀನಿ." ಅವನು ಹೆಂಡತಿಯ ಕಡೆ ತಿರುಗಿದ. "ಏನೇ?"

ರುದ್ರಾಣಿ ಡಬ್ಬವನ್ನು ಮಡಿಲಿಗೆ ಎಳೆದುಕೊಂಡಳು. ದೊಡ್ಡಬೈರಪ್ಪನವರನ್ನು ಕೇಳಿದಳು: "ಬಾಕಿ ಇರೋದನ್ನೆಲ್ಲ ಈಗ ಕಟ್ಟಿಬಿಟ್ರೆ, ಬೆಲೆ ಬಿದ್ರೂ ನೀವು ಮತ್ತೆ ಫೋನ್ ಮಾಡಲ್ವಾ?"

"ಮಾಡಲ್ಲಮ್ಮ. ಪತ್ರ ನಿಮ್ ಕೈಲಿರುತ್ತೆ. ಬೆಲೆ ಪಾತಾಳಕ್ಕೆ ಹೋದ್ರೂ ಕೇಳೋ ಹಕ್ಕು ಯಾರಿಗೂ ಇಲ್ಲ. ಅದೇ ಕ್ಯಾಶು."

"ಇಷ್ಟ್ ಸುಲಭದ್ದನ್ನ ಮೊದ್ಲೇ ಮಾಡ್ಬಾರ್ದಿತ್ತಾ!" ಎಂದು ರುದ್ರಾಣಿ ಡಬ್ಬದ ಮುಚ್ಚಳ ತೆಗೆದಳು. ಗ್ರೈಂಡರಿನ ದುಡ್ಡಿನಲ್ಲಿ ಉಳಿದಿದ್ದಷ್ಟೂ ಅದರಲ್ಲಿತ್ತು. ಬಡ್ಡಿಗೆ ಸ್ವಲ್ಪ ಕಡಿಮೆ ಬಿತ್ತು, ಆಂಜಿನಯ್ಯ ಆಫೀಸಿನಲ್ಲಿ ತೆಗೆದ ಹಬ್ಬದ ಮುಂಗಡ ಸೇರಿಸಿದ. ಡಬ್ಬ ಖಾಲಿಯಾಯಿತು. ಆಮೇಲೆ ಅವಳು ಗಂಡನಿಗೆ ಹೇಳಿದಳು: "ಹೋಗಿ, ಅದೇನ್ ಹೇಳ್ಬೇಕೋ ಹೇಳ್ಬಿಟ್ಟು ಬನ್ನಿ. ನಂಜ ಬೇರೆ ಅಲ್ಲಿ ಬಾಯಿ ಬಿಟ್ಕೊಂಡು ನಿಂತವ್ನೆ."

ಆಂಜಿನಯ್ಯ ಬಾಗಿಲು ತೆಗೆದ. ಹೊರಗೆ ಗದ್ದಲ ನಿಂತಿತು.

"ಸ್ವಾಮಿ, ಎಲ್ಲರೂ ಕೇಳಿ" ಎಂದ. "ನಾನು ಯಾವ ಪಾರ್ಟೀನೂ ಅಲ್ಲ. ತೂಕದ ಆಫೀಸಲ್ಲಿ ಗುಮಾಸ್ತ. ನನ್ನತ್ರ ಇರೋದು ನೂರೇ ಷೇರು. ಇದು ಚೀಟಿ ಅನ್ಕೊಂಡು ಕಂತು ಕಟ್ತಿದ್ದೆ. ಆ ಕಂಪ್ನಿ ಎಲ್ಲಿದೆ ಅಂತಾನೂ ನನಗೆ ಗೊತ್ತಿಲ್ಲ. ನನ್ನ ನೋಡಿ ಯಾರೂ ಕೊಳ್ಳಬೇಡಿ, ದಮ್ಮಯ್ಯ."

ಒಂದು ಕ್ಷಣ ಯಾರೂ ಸೀನಲಿಲ್ಲ ಕೂಡ. ಆಮೇಲೆ ಆ ಮಹಡಿ ಇಡಿಯಾಗಿ ಮೆಟ್ಟಿಲ ಮೇಲೆ ಉರುಳಿತು. ಸಫಾರಿ ಸೂಟಿನವನು ಇನ್ನೊಬ್ಬ ದಲ್ಲಾಳಿಯ ಆಫೀಸಿಗೆ ಓಡಿದ. ನಂಜಪ್ಪ ದೊಡ್ಡಬೈರಪ್ಪನವರ ಮೇಜಿಗೆ ಮೊದಲು ತಲುಪಿ "ಮಾರಿ, ನಂದು ಮಾರಿ" ಎಂದು ಚೀರಿದ. ಎಲ್ಲರಿಗಿಂತ ಮುಂಚೆ ಮಾರಿದ್ದರಿಂದ ಅವನಿಗೆ ಸ್ಕೂಟರ್ ಮಾತ್ರ ಹೋಯಿತು, ಹನುಮಂತನಗರದ ಸೈಟು ಉಳಿಯಿತು. ಭಾವ ಇನ್ನೂ ಸ್ವಲ್ಪ ಮುಂಚೆ ಹೇಳಬಹುದಿತ್ತು ಎಂದು ಅವನು ಇವತ್ತಿಗೂ ಗೊಣಗುತ್ತಾನೆ.

ಸಂಜೆಯೊಳಗೆ ಹೇಮಗಿರಿ ಪಂಪ್ಸ್ ನೆಲ ಕಚ್ಚಿತು. ಮುಂದಿನ ವರ್ಷ ಷೇರು ಪೇಟೆಯೇ ನೆಲ ಕಚ್ಚಿದಾಗ, ಮಾರ್ಜಿನ್ನಿನಲ್ಲಿ ಕೊಂಡಿದ್ದ ದೊಡ್ಡ ದೊಡ್ಡ ಕುಳಗಳೆಲ್ಲ ಊರು ಬಿಟ್ಟವು. ಆಂಜಿನಯ್ಯನನ್ನು ಯಾರೂ ಏನೂ ಕೇಳಲಿಲ್ಲ. ಅವನ ಷೇರು ಅವನ ಪೆಟ್ಟಿಗೆಯಲ್ಲಿ ನಿದ್ದೆ ಮಾಡುತ್ತಿತ್ತು.

ಆದರೆ ಆ ಶುಕ್ರವಾರ ನಾವು ಮನೆಗೆ ತಂದಿದ್ದು ಗ್ರೈಂಡರಲ್ಲ, ಒಂದು ಕಾಗದ. ಸುತ್ತ ಹಸಿರು ಬಳ್ಳಿ, ಮಧ್ಯದಲ್ಲಿ ಪಂಪಿನ ಚಿತ್ರ. ವಠಾರದವರೆಲ್ಲ ಸೇರಿ ನೋಡಿದರು. ಮುನಿಲಕ್ಷ್ಮಮ್ಮ ಬೆಳಕಿಗೆ ಹಿಡಿದು ನೋಡಿ, "ಇದು ಅಕ್ಕಿ ರುಬ್ಬುತ್ತಾ?" ಎಂದು ಕೇಳಿದರು. ಆಂಜಿನಯ್ಯ ಶರ್ಟು ಬಿಚ್ಚಿ ಮೊಳೆಗೆ ಹಾಕಿದ. ಒರಳಿನ ಮುಂದೆ ಹೋಗಿ ಕೂತ. ಮಾತು ಮಾತೇ. ಇಷ್ಟು ವರ್ಷದಲ್ಲಿ ನಾನು ಸಭೆಗಳಲ್ಲಿ ಬಹಳ ಜನ ದೊಡ್ಡವರನ್ನು ನೋಡಿದ್ದೇನೆ, ಅವರ ಭಾಷಣದ ಕರಡನ್ನೂ ತಿದ್ದಿದ್ದೇನೆ. ಆ ತೂತು ಬನಿಯನ್ನಿನ ಬೆನ್ನನ್ನು ನೋಡಿದಾಗ ಆದಷ್ಟು ಗೌರವ ನನಗೆ ಇನ್ಯಾರ ಮೇಲೂ ಆಗಿಲ್ಲ.

ಹಬ್ಬದ ಮುಂಚಿನ ದಿನ ಮಹಾನಂದ ಕೂಗಿದ.

"ಆಂಜಿನಯ್ನೋರೇ! ಕಾಟನ್‌ಪೇಟೆಯಿಂದ ಫೋನು!"

ಬೀದಿಯೆಲ್ಲ ಬೆಚ್ಚಿತು. ಆಂಜಿನಯ್ಯನ ಮೊಣಕೈವರೆಗೂ ಹಿಟ್ಟು. ರುದ್ರಾಣಿಯೇ ಸೆರಗು ಸುತ್ತಿಕೊಂಡು ಹೋಗಿ ಫೋನು ಹಿಡಿದಳು, ಯುದ್ಧಕ್ಕೆ ಸಿದ್ಧಳಾಗಿ. ನಾನೂ ಹಿಂದೆ ಹೋದೆ. ದೊಡ್ಡಬೈರಪ್ಪನವರ ದನಿ ಮಾತ್ರೆಗಳ ಬೀರುವಿನವರೆಗೂ ಕೇಳುತ್ತಿತ್ತು.

"ಅಮ್ಮಾ, ದುಡ್ಡಿಗಲ್ಲ, ಹೆದರ್ಬೇಡಿ! ನಾಳಿದ್ದು ಆಫೀಸಲ್ಲಿ ಲಕ್ಷ್ಮೀ ಪೂಜೆ. ಬಂದೋರಿಗೆಲ್ಲ ದೋಸೆ ಹಾಕಿಸ್ತಿದೀನಿ. ಹಿಟ್ಟು ನಿಮ್ಮನೇದೇ ಆಗ್ಬೇಕು, ನಿಮ್ಮೆಜಮಾನ್ರು ಕೈಯಾರೆ ರುಬ್ಬಿದ್ದೇ ಆಗ್ಬೇಕು. ಆ ಸಫಾರಿಯೋನು ಅರ್ಧ ಸೇರು ತಗೊಂಡ್ ಹೋಗಿದ್ನಂತೆ, ದುಡ್ಡೆಲ್ಲ ಹೋದ್ರೂ ಆ ದೋಸೇನೇ ನೆನೆಸ್ಕೊಂಡು ಅಳ್ತವ್ನೆ. ಅಕ್ಕಪಕ್ಕದ ಅಂಗಡಿಯೋರೂ ಕೇಳ್ತಿದಾರೆ. ಕಾಲುಭಾಗ ಈಗ ಕಳಿಸ್ತೀನಿ, ಮಿಕ್ಕಿದ್ದು ಹಬ್ಬ ಆದ್ಮೇಲೆ..."

"ನಮ್ಮಲ್ಲಿ ಮಾರ್ಜಿನ್ ಇಲ್ಲ" ಎಂದಳು ರುದ್ರಾಣಿ. "ಕ್ಯಾಶ್!"

ಆಚೆ ಕಡೆಯಿಂದ ಬಹಳ ಹೊತ್ತು ನಗು ಕೇಳಿಸಿತು. ಆಮೇಲೆ ದುಡ್ಡು ಬಂತು, ಪೂರ್ತಿಯಾಗಿ, ಒಂದು ತಟ್ಟೆಯಲ್ಲಿ, ಬಾಳೆಹಣ್ಣು ವೀಳ್ಯದೆಲೆಯ ಸಮೇತ.

ಕಾಟನ್‌ಪೇಟೆಯವರು ಒಮ್ಮೆ ತಿಂದವರು ಮತ್ತೆ ಬಿಡಲಿಲ್ಲ. ಡಬ್ಬ ಮತ್ತೆ ತುಂಬಿತು. ಯುಗಾದಿಯ ಹಿಂದಿನ ವಾರ ನಾವು ಮೂವರೂ ಚಿಕ್ಕಪೇಟೆಗೆ ಹೋದೆವು. ರುದ್ರಾಣಿ ಗ್ರೈಂಡರಿನ ಕಲ್ಲನ್ನು ಸವರಿ ನೋಡಿ ತಲೆಯಾಡಿಸಿದಳು. ಅಂಗಡಿಯವನು ಬಿಲ್ಲಿನ ಪುಸ್ತಕ ಎಳೆದುಕೊಂಡು, "ಸಾರ್, ಕ್ಯಾಶಾ, ಕಂತಾ?" ಎಂದ.

ಆಂಜಿನಯ್ಯ ಎಡಕ್ಕೂ ಬಲಕ್ಕೂ ನೋಡಿದ. ಅಂಗಡಿಯಲ್ಲಿ ಸಾಕಷ್ಟು ಜನರಿದ್ದರು. ಎದೆ ಮುಂದೆ ಮಾಡಿ, ಬೀದಿಯ ಆ ಬದಿಗೂ ಕೇಳುವಂತೆ ಹೇಳಿದ: "ಕ್ಯಾಶ್!"

ಗ್ರೈಂಡರ್ ಮೂಲೆಯಲ್ಲಿ ಕೂತಿತು. ರುದ್ರಾಣಿ ಈಗ ಎರಡೂ ಕೈಯೆತ್ತಿ ತಲೆ ಬಾಚಿಕೊಳ್ಳುತ್ತಾಳೆ. ಬೀದಿಯವರಿಗೆಲ್ಲ ಮೆಷಿನ್ನಿನ ಹಿಟ್ಟು. ಕಾಟನ್‌ಪೇಟೆಯವರು ಮಾತ್ರ ಒಪ್ಪಲಿಲ್ಲ. ಅವರಿಗೆ ಪಾರ್ಟಿಯ ಕೈಯಲ್ಲೇ ರುಬ್ಬಿದ್ದು ಬೇಕಂತೆ. ದಿನಾ ಬೆಳಿಗ್ಗೆ ಆಂಜಿನಯ್ಯ ಒರಳಿನ ಮುಂದೆ ಕೂತು, ಹೆಂಡತಿಗೆ ಕೇಳುವಂತೆ ನನಗೆ ಹೇಳುತ್ತಾನೆ: "ನನ್ನ ಚೀಟಿ ಇನ್ನೂ ಮುಗಿದಿಲ್ಲ ಕಣೋ ವೆಂಕಟಪ್ಪ."